ಅಕ್ಷರಕ್ಕಿಂತ ಹಿಂದಿನ ಬೆಟ್ಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಸೀಮೆಯ ಜನಕ್ಕೆ ಬೆಟ್ಟವೆಂದರೆ ದೇವರ ನೆಲೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನೇ ನೋಡಿ. ಹುಣ್ಣಿಮೆ ಬಂದರೆ ಭಕ್ತರು ಉಚ್ಚಂಗೆಮ್ಮನ ದರ್ಶನಕ್ಕೆಂದು ಗುಡ್ಡವೇರುತ್ತಾರೆ. ಅದೇ ಬೆಟ್ಟ ಒಂದು ಕಾಲಕ್ಕೆ ಪಾಂಡ್ಯರೆಂಬ ಅರಸುಮನೆತನದ ರಾಜಧಾನಿ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಅದನ್ನು ಗೆದ್ದು ‘ಗಿರಿದುರ್ಗಮಲ್ಲ’ನೆನಿಸಿಕೊಂಡನು. ಈ ಸಂಗತಿಗಳನ್ನು ನಾವು ಬಲ್ಲೆವು, ಏಕೆಂದರೆ ಶಾಸನಗಳು ಅವನ್ನು ಹೇಳುತ್ತವೆ.

ಆದರೆ ಶಾಸನವಿಲ್ಲದ ಬೆಟ್ಟದ ಚರಿತ್ರೆಯನ್ನು ಹೇಳುವವರಾರು? ಕನ್ನಡವನ್ನು ಓದಿ, ಓದಿಸಿ ಬಾಳಿದ ನನ್ನಂಥವರಿಗೆ ನಾಡಿನ ಚರಿತ್ರೆ ಹಲ್ಮಿಡಿಯ ಶಾಸನದಿಂದಲೇ ಮೊದಲಾಗುವಂತೆ ತೋರುವುದುಂಟು. ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವನ್ನು ಹೊಕ್ಕವರಿಗೆ ಆ ಗಡಿ ಕರಗಿಹೋಗುತ್ತದೆ. ಬಳ್ಳಾರಿಯ ಸಮೀಪದ ಸಂಗನಕಲ್ಲಿನ ಗುಡ್ಡಗಳ ಹೆಸರನ್ನೇ ಹೊತ್ತ ಸಂಗ್ರಹಾಲಯವದು. 2021ರಲ್ಲಿ ನಮ್ಮ ಈ ಐದು ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದುವು ನಿಜ. ಆದರೆ ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗೆ ಜಿಲ್ಲೆಯ ಎಲ್ಲೆ ಎಲ್ಲಿಯದು?

ಫೂಟ್ ಮಹಾಶಯರು ಭೂವಿಜ್ಞಾನಿಗಳು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರು. ಬಳ್ಳಾರಿ ಸೀಮೆಯನ್ನು ಸುತ್ತಿ 1895ರಲ್ಲಿ ಅದರ ಭೂರಚನೆಯನ್ನು ಕುರಿತು ಗ್ರಂಥ ಬರೆದರು. ಅವರು ಕೂಡಿಟ್ಟ ವಸ್ತುಗಳು 1904ರಲ್ಲಿ ಮದರಾಸಿನ ಸರ್ಕಾರಿ ಸಂಗ್ರಹಾಲಯವನ್ನು ಸೇರಿದುವು. ನಮ್ಮ ನೆಲದ ಕಲ್ಲನ್ನು ನೋಡಲು ನಾವು ದೂರದ ಊರಿಗೆ ಹೋಗಬೇಕಾಯಿತು. ಈಗ ಅವರ ಹೆಸರಿನ ಸಂಗ್ರಹಾಲಯ ಬಳ್ಳಾರಿಯಲ್ಲೇ ಇರುವುದು ಸಣ್ಣ ಸಮಾಧಾನವಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ ದೀರ್ಘ ಪರಿಶ್ರಮ ಇದರ ಹಿಂದಿದೆ.

ಸಂಗನಕಲ್ಲಿನ ಗುಡ್ಡಗಳಲ್ಲಿ 1940ರ ದಶಕದಲ್ಲಿ ಬಿ. ಸುಬ್ಬರಾವ್, 1964–65ರಲ್ಲಿ ಅನ್ಸಾರಿ ಮತ್ತು ನಾಗರಾಜರಾವ್ ಉತ್ಖನನ ನಡೆಸಿದರು. ತರುವಾಯ ಕೋರಿಶೆಟ್ಟರೂ ವಿದೇಶದ ವಿದ್ವಾಂಸರೂ ಕೂಡಿ ಕೆಲಸ ಮುಂದುವರಿಸಿದರು. ಅಲ್ಲಿ ದೊರೆತುದು ಚಿನ್ನವಲ್ಲ, ಕಿರೀಟವಲ್ಲ. ಉಜ್ಜಿ ನಯಗೊಳಿಸಿದ ಕಲ್ಗೊಡಲಿ, ಮಡಕೆಯ ಚೂರು, ದನದ ಎಲುಬು, ಕರಿದುಹೋದ ಕಾಳು. ಆ ಕಾಳುಗಳಲ್ಲಿ ಹುರುಳಿಯಿದೆ, ಹೆಸರಿದೆ, ಕೊರಲೆಯಿದೆ. ಹುರುಳಿಯ ಕಟ್ಟಿನ ಸಾರು ಉಂಡು ಬೆಳೆದ ಕೂಡ್ಲಿಗಿ, ಕೊಟ್ಟೂರಿನ ಬೆದ್ದಲು ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಯಾವುದು?

ಅಲ್ಲಿಯ ಬೂದಿಯ ಕಥೆಯೂ ಅಂಥದೇ. ಬಳ್ಳಾರಿ ಹೊಸಪೇಟೆಗಳ ನಡುವಣ ಕುಡತಿನಿಯ ಬೂದಿದಿಬ್ಬವನ್ನು ಜನ ರಾಕ್ಷಸನ ಚಿತಾಭಸ್ಮವೆಂದು ನಂಬಿದ್ದರು. ಅದು ದನದ ಸಗಣಿ ಸುಟ್ಟ ಬೂದಿಯೆಂದು ಫೂಟ್ ಊಹಿಸಿದರು. 1957ರಲ್ಲಿ ಉಟ್ನೂರಿನಲ್ಲಿ ಅಗೆದ ಆಲ್ಚಿನ್ ಅದನ್ನು ದೃಢಪಡಿಸಿದರು. ಸಣ್ಣರಾಚಮ್ಮನ ಗುಡ್ಡದ ಮೇಲೂ ಆ ಬೂದಿಯುಂಟು. ಸಗಣಿಯನ್ನು ರಾಶಿಹಾಕಿ ಮತ್ತೆ ಮತ್ತೆ ಸುಟ್ಟುದರಲ್ಲಿ ಹಬ್ಬವೋ ವ್ರತವೋ ಇದ್ದಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಿರೇಗುಡ್ಡದ ಕರಿಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ನೀಳಗೋಡಿನ ಗೂಳಿಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂಥ ನಾದ ಹೊರಡುತ್ತದೆ. ಆ ಗುಡ್ಡಗಳ, ನೆಲೆಗಳ ಹೆಸರುಗಳಾದರೂ ಯಾವುವು? ಸಣ್ಣರಾಚಮ್ಮ, ಚೌಡಮ್ಮ, ಬೀರಪ್ಪ! ಆ ಪ್ರಾಚೀನರ ದೈವಗಳೇ ಇವೆಂದು ಹೇಳಲಾಗದು. ಆದರೆ ಬೆಟ್ಟ ಮಾತ್ರ ದೇವರಿಲ್ಲದೆ ಉಳಿಯಲಿಲ್ಲ. ಕೂಡ್ಲಿಗಿಯ ಕಡೆ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುವುದನ್ನು ಕಂಡವರಿಗೆ ಆ ಗೂಳಿಯ ಚಿತ್ರಗಳು ಪರಕೀಯವೆನಿಸಲಾರವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೊಡಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು, ಬೆಟ್ಟವನ್ನಿಡಲಾಗದು. ಬಂಡೆಯ ಚಿತ್ರವನ್ನು ಗೋಡೆಗೆ ತೂಗುಹಾಕಬಹುದು. ಅದರ ನಾದ ಗುಡ್ಡದಲ್ಲಿಯೇ ಉಳಿಯುತ್ತದೆ. ಆ ಗುಡ್ಡದ ಕಲ್ಲನ್ನು ಜಲ್ಲಿಗಾಗಿ ಒಡೆದು ಕೆಲವು ನೆಲೆಗಳು ಹಾಳಾದುದನ್ನು ಸಂಶೋಧಕರು ನೋವಿನಿಂದ ದಾಖಲಿಸಿದ್ದಾರೆ. ಉಚ್ಚಂಗಿದುರ್ಗ ಕುಸಿದರೂ ಶಾಸನದ ಪಾಠ ಗ್ರಂಥಗಳಲ್ಲಿ ಉಳಿದೀತು. ಅಕ್ಷರವರಿಯದವರ ಬೆಟ್ಟಕ್ಕೆ ಆ ಭಾಗ್ಯವಿಲ್ಲ. ಅದೇ ಅವರ ಶಾಸನ, ಅದೇ ಅದರ ಏಕೈಕ ಪ್ರತಿ. ಆದುದರಿಂದ ಸಂಗ್ರಹಾಲಯವನ್ನು ನೋಡಿ ತೃಪ್ತರಾಗಿ ಹಿಂದಿರುಗುವುದಕ್ಕಿಂತ, ಅದು ಬೆರಳು ಮಾಡಿ ತೋರಿಸುವ ಗುಡ್ಡದತ್ತ ಕಣ್ಣೆತ್ತುವುದು ಮೇಲು. ಭಕ್ತಿಯಿಂದ ಕಾಯುವವರು ಭಕ್ತಿಯಿಂದ ಕಾಯಲಿ, ವಿದ್ಯೆಯಿಂದ ಕಾಯುವವರು ವಿದ್ಯೆಯಿಂದ ಕಾಯಲಿ. ಬೆಟ್ಟವೊಂದು ಉಳಿದರೆ ಸಾಕು.