ಅರವತ್ತನಾಲ್ಕು ಅಕ್ಷರಗಳ ಕಥೆ

ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಗ್ರಂಥಪಾಠ ಕೆಡುವುದು ಬಹುಮಟ್ಟಿಗೆ ಪ್ರತಿಕಾರನ ಕೈಯಲ್ಲಿ. ತನಗೆ ಪರಿಚಯವಿಲ್ಲದ ಅಕ್ಷರ ಎದುರಾದರೆ ಅವನು ಅದನ್ನು ಬಿಟ್ಟುಬಿಡುತ್ತಾನೆ, ಇಲ್ಲವೆ ತನಗೆ ತೋರಿದಂತೆ ತಿದ್ದುತ್ತಾನೆ. ಹಳಗನ್ನಡ ಪಾಠ ಹೇಳುವ ನನಗೆ ಗಣಕಯಂತ್ರಗಳ ಪತ್ರವ್ಯವಹಾರದ ಚರಿತ್ರೆಯಲ್ಲಿಯೂ ಈ ಪ್ರತಿಕಾರನೇ ಕಾಣಸಿಕ್ಕಿದ್ದಾನೆ.

ಅಮೆರಿಕದಲ್ಲಿ 1963ರಲ್ಲಿ ಆಸ್ಕಿ ಎಂಬ ಸಂಕೇತಪದ್ಧತಿ ಪ್ರಕಟವಾಯಿತು. ಅಕ್ಷರವೊಂದಕ್ಕೆ ಏಳು ಬಿಟ್ಟು. ಒಟ್ಟು 128 ಸಂಕೇತಗಳು. ಮರುವರ್ಷವೇ ಐಬಿಎಂ ಸಂಸ್ಥೆ ತನ್ನ ಸಿಸ್ಟಂ 360 ಯಂತ್ರಗಳೊಡನೆ ಎಬ್ಸಿಡಿಕ್ ಎಂಬ ಬೇರೊಂದು ಪದ್ಧತಿಯನ್ನು ತಂದಿತು. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ಅಲ್ಲಿ 65, ಇಲ್ಲಿ 193. ಸಾಲು ಮುಗಿಯಿತೆಂದು ತಿಳಿಸುವುದರಲ್ಲಿಯೂ ಒಮ್ಮತವಿಲ್ಲ: ಯೂನಿಕ್ಸಿಗೆ 10 ಒಂದೇ ಸಾಕು, ಡಾಸಿಗೆ 13 ಮತ್ತು 10ರ ಜೋಡಿ ಬೇಕು, ಹಳೆಯ ಮ್ಯಾಕಿಂಟಾಷಿಗೆ 13 ಮಾತ್ರ.

ಅಂಚೆಯ ದಾರಿಯೋ ಏಳು ಬಿಟ್ಟಿನ ಬರಹಕ್ಕೆಂದು ಹಾಕಿದ್ದು. ಎಂಟು ಬಿಟ್ಟಿನ ಬೈಟುಗಳುಳ್ಳ ಚಿತ್ರವನ್ನು ಆ ದಾರಿಯಲ್ಲಿ ಕಳುಹಿಸುವ ಬಗೆ ಹೇಗೆ? ಬರ್ಕಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿದ್ದ ಮೇರಿ ಆನ್ ಹಾರ್ಟನ್ 1980ರಲ್ಲಿ ‘ಯುಯುಎನ್‌ಕೋಡ್’ ರಚಿಸಿದರು. ಮೂರು ಬೈಟುಗಳ 24 ಬಿಟ್ಟುಗಳನ್ನು ಆರಾರರ ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೂ 32 ಕೂಡಿಸಿ, ಬಂದ ಸಂಖ್ಯೆಯ ಆಸ್ಕಿ ಚಿಹ್ನೆಯನ್ನು ಬರೆಯುವುದು. ಬಿಡಿಸುವವನು 32 ಕಳೆಯುವುದು. ಮಗ್ಗಿ ಬಲ್ಲ ಹುಡುಗನಿಗೂ ಎಟಕುವ ಲೆಕ್ಕ!

ತೊಡಕಾದುದು ಲೆಕ್ಕದಲ್ಲಲ್ಲ, ಅಕ್ಷರಗಳ ಆಯ್ಕೆಯಲ್ಲಿ. ಸೊನ್ನೆಗೆ 32 ಕೂಡಿಸಿದರೆ ಬರುವ ಚಿಹ್ನೆ ಖಾಲಿ ಜಾಗ. ಸಾಲಿನ ಕೊನೆಯ ಖಾಲಿ ಜಾಗವನ್ನು ಕೆಲವು ಅಂಚೆಯಂತ್ರಗಳು ಕಸವೆಂದು ಗುಡಿಸಿಹಾಕಿದವು. ಆದ್ದರಿಂದ ಮುಂದೆ ಸೊನ್ನೆಗೆ ಮಾತ್ರ 96ನೆಯ ಚಿಹ್ನೆಯನ್ನು ಬಳಸತೊಡಗಿದರು. ಎಬ್ಸಿಡಿಕ್ ಯಂತ್ರಗಳನ್ನು ಹಾದುಹೋದಾಗ ಚೌಕ ಆವರಣದಂತಹ ಚಿಹ್ನೆಗಳೇ ಬೇರೆಯಾದವು. ಅಡಕಮಾಡಿದ ಕಡತದಲ್ಲಿ ಒಂದು ಚಿಹ್ನೆ ಕೆಟ್ಟರೂ ಇಡೀ ಕಡತ ತೆರೆಯದೆ ಹೋಗಬಹುದು.

1992ರಲ್ಲಿ ಬೋರೆನ್‌ಸ್ಟೀನ್ ಮತ್ತು ಫ್ರೀಡ್ ‘ಮೈಮ್’ ಎಂಬ ಅಂಚೆಯ ನಿಯಮಾವಳಿಯನ್ನು ಪ್ರಕಟಿಸಿದರು. ಅದು ಬಳಸಿಕೊಂಡ ‘ಬೇಸ್64’ ಪದ್ಧತಿಯಲ್ಲಿಯೂ ಮೂರಕ್ಕೆ ನಾಲ್ಕರ ಲೆಕ್ಕವೇ. ಆದರೆ ಇಂಗ್ಲಿಷಿನ ದೊಡ್ಡ ಅಕ್ಷರ 26, ಸಣ್ಣವು 26, ಅಂಕಿಗಳು 10, ಕೂಡುವ ಚಿಹ್ನೆ ಮತ್ತು ಓರೆಗೆರೆ, ಇವಿಷ್ಟನ್ನೇ ಆರಿಸಿದರು. ಕಾರಣ, ಆಸ್ಕಿಯಲ್ಲಿಯೂ ಎಬ್ಸಿಡಿಕ್‌ನಲ್ಲಿಯೂ ಕೆಡದೆ ಉಳಿಯುವ ಅಕ್ಷರಗಳಿವು. ಜೊತೆಗೆ, ಯಾವ ವಿಧಾನದಲ್ಲಿ ಕಟ್ಟಿದೆಯೆಂಬುದನ್ನು ಪತ್ರದ ತಲೆಯಲ್ಲಿಯೇ ಬರೆಯಬೇಕೆಂದರು. ಪ್ರತಿಕಾರರೆಲ್ಲರನ್ನೂ ತಿದ್ದಹೊರಡದೆ, ಅವರೆಲ್ಲರೂ ಬಲ್ಲ ಅಕ್ಷರಗಳಲ್ಲಿಯೇ ಬರೆದರು. ಅವರ ಜಾಣ್ಮೆ ಇಲ್ಲಿದೆ.

ಇದರಿಂದ ಕನ್ನಡಿಗರಿಗೇನು ಎಂದು ವಾಚಕರು ಕೇಳಬಹುದು. 1991ರ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳು ದೊರೆತವು. ಮರುವರ್ಷ ಹುಟ್ಟಿದ ಯುಟಿಎಫ್-8ರಲ್ಲಿ ಆ ಒಂದೊಂದು ಸ್ಥಾನಕ್ಕೂ ಮೂರು ಬೈಟು. ಎಂದರೆ ಬೇಸ್64ರಲ್ಲಿ ಸರಿಯಾಗಿ ನಾಲ್ಕು ಅಕ್ಷರ. ಕನ್ನಡದ ಅಕ್ಷರದಿಂದ ಆರಂಭವಾಗುವ ಪತ್ರ ಬಿಡಿಸದೆಯೇ ಬಂದರೆ, ಮೊದಲಿಗೆ ನಾಲ್ಕರ ಅಂಕಿ, ಬಳಿಕ ಎಲ್, ಕೆ ಇರುವುದನ್ನು ನೋಡಬಹುದು. ಬದಲಾಗಿ, ಗೀಟು ಹೊತ್ತ ಸಣ್ಣ ‘ಎ’, ಅದರ ಪಕ್ಕದಲ್ಲಿ ಪುಟ್ಟ ಎರಡರ ಅಂಕಿ ಪದೇಪದೇ ಬಂದರೆ, ಯುಟಿಎಫ್-8 ಬರಹವನ್ನು ಪಶ್ಚಿಮ ಯುರೋಪಿನ ಸಂಕೇತದಲ್ಲಿ ಓದಲಾಗಿದೆಯೆಂದು ತಿಳಿಯಬೇಕು. ಎರಡೂ ಕಡೆ ಪಾಠ ಕೆಟ್ಟಿಲ್ಲ. ಓದುವ ಕೀಲಿ ತಪ್ಪಿದೆ. ಮೂಲವನ್ನು ಮುಟ್ಟದೆ, ಅದರ ಪ್ರತಿಯೊಂದನ್ನು ಸರಿಯಾದ ಕೀಲಿಯಿಂದ ತೆರೆದರೆ ಸಾಮಾನ್ಯವಾಗಿ ಕನ್ನಡ ಮರಳುತ್ತದೆ.

ಆದರೆ ಕಡತದ ತುಂಬ ಬರಿಯ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿದಿದ್ದರೆ, ಕನ್ನಡವರಿಯದ ಸಂಕೇತದಲ್ಲಿ ಯಾರೋ ಅದನ್ನು ಉಳಿಸಿಬಿಟ್ಟಿದ್ದಾರೆ. ಅದು ಹುಳು ತಿಂದ ಗರಿ. ಬೇರೆ ಪ್ರತಿ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ.