ವೃಕವೂ ವೃಕ್ಕವೂ

ಸಂಸ್ಕೃತದಲ್ಲಿ ವೃಕವೆಂದರೆ ತೋಳ, ವೃಕ್ಕವೆಂದರೆ ಮೂತ್ರಪಿಂಡ. ಭೀಮಸೇನನು ವೃಕೋದರನೆನಿಸಿದುದು ತೋಳನಂತಹ ಹಸಿವಿನಿಂದ. ವೃಕ್ಕಗಳು ರಕ್ತ ಮೇದಸ್ಸುಗಳ ಸಾರದಿಂದ ಹುಟ್ಟಿದುವೆಂಬುದು ಸುಶ್ರುತಾಚಾರ್ಯರ ಮತ. ಈ ಎರಡು ಶಬ್ದಗಳಿಗೆ ಧ್ವನಿಸಾಮ್ಯವಿದೆಯೇ ಹೊರತು ಅರ್ಥಸಂಬಂಧವಿಲ್ಲ. ಆದರೆ ಶಬ್ದಗಳು ಕೂಡದಿದ್ದೆಡೆಯಲ್ಲಿ ವ್ಯಾಧಿಯೊಂದು ಅವುಗಳನ್ನು ಕೂಡಿಸಿದೆ. ನಮ್ಮ ವೃಕ ಶಬ್ದಕ್ಕೆ ಜ್ಞಾತಿಯೆಂದು ಭಾಷಾಶಾಸ್ತ್ರಜ್ಞರು ಎಣಿಸುವ ಲ್ಯಾಟಿನ್ ಪದವೇ ಲೂಪಸ್. ಚರ್ಮವನ್ನು ತೋಳನು ಕಚ್ಚಿದಂತೆ ಕೆಡಿಸುವ ಹುಣ್ಣುಗಳಿಗೆ ಯುರೋಪಿನ ಮಧ್ಯಯುಗದ ವೈದ್ಯರು ಆ ಹೆಸರನ್ನಿಟ್ಟರು. ಹೆಸರು ಚರ್ಮದ ಮೇಲೆ ನಿಂತಿತು. ರೋಗವು ಒಳಗೆ ನುಗ್ಗಿ ವೃಕ್ಕಗಳನ್ನು ಹಿಡಿಯುತ್ತಿತ್ತು. ಈ ತೋಳನು ಕಾಡಿನಿಂದ ಬಂದವನಲ್ಲ, ಮನೆಯನ್ನು ಕಾಯಲು ಸಾಕಿದ ನಾಯಿಯೇ ತೋಳನಾಯಿತೆಂಬುದನ್ನು ತಿಳಿಯಲು ವೈದ್ಯಲೋಕಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಬೇಲಿಯೆದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸಮರ್ಪಕವಾದ ದೃಷ್ಟಾಂತವು ದೊರೆಯುವುದು ಕಷ್ಟ.

ಬೇಲಿಯ ದ್ರೋಹವನ್ನು ಹೇಳುವುದಕ್ಕೆ ಮೊದಲು ಬೇಲಿಯ ಉಪಕಾರವನ್ನು ಸ್ಮರಿಸುವುದು ನ್ಯಾಯವಾದುದು. ದೇಹಕ್ಕೆ ರೋಗವನ್ನು ತಡೆಯುವ ಶಕ್ತಿಯನ್ನು ಕಲಿಸಬಹುದೆಂಬ ತತ್ತ್ವವು ಮೈಸೂರು ಸೀಮೆಗೆ ಬಹುಕಾಲದಿಂದ ಪರಿಚಿತವಾದುದು. ಗೋವಿನ ಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಗೆ ಬಂದ ಕೆಲವೇ ವರ್ಷಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯನ್ನೂ ಪ್ರವೇಶಿಸಿತು. ಥಾಮಸ್ ಹಿಕ್ಕಿಯು 1805ರ ಸುಮಾರಿನಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರವು ಮೈಸೂರಿನ ರಾಜಸ್ತ್ರೀಯರದೆಂದೂ, ಪ್ರಜೆಗಳಲ್ಲಿ ಲಸಿಕೆಯ ಬಗ್ಗೆ ಧೈರ್ಯ ಹುಟ್ಟಿಸುವುದೇ ಅದರ ಉದ್ದೇಶವೆಂದೂ ಇತಿಹಾಸಜ್ಞರು ಊಹಿಸಿರುವರು.

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಇದೇ ತತ್ತ್ವಕ್ಕೆ ಇನ್ನೊಂದು ಸಾಕ್ಷಿಯಿದೆ. ಯಲಹಂಕದ ನೆರೆಯ ಕೋಗಿಲು ಗ್ರಾಮದಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ದಕ್ಷಿಣಾಭಿಮುಖವಾಗಿ ಬಂದರೆ ಹೆಬ್ಬಾಳವು ಸಿಕ್ಕುವುದು. ಈಗ ನಗರವು ನುಂಗಿರುವ ಈ ಪ್ರದೇಶವೆಲ್ಲವೂ ಹಿಂದೆ ಹೊಲ, ಕೆರೆ, ದನಕರುಗಳಿಂದ ಕೂಡಿದ್ದಿತು. ಒಕ್ಕಲಿಗನ ಸರ್ವಸ್ವವೇ ಆಗಿದ್ದ ದನಗಳಿಗೆ ದೊಡ್ಡರೋಗವು ಬಂದರೆ ಕೊಟ್ಟಿಗೆಯೇ ಬರಿದಾಗುತ್ತಿದ್ದಿತು. ಈ ಮಾರಿಯನ್ನು ಎದುರಿಸಲೆಂದು ಮೈಸೂರು ಸಂಸ್ಥಾನವು 1925ನೆಯ ಇಸವಿಯಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ರೋಗವನ್ನು ಗೆದ್ದು ಬದುಕಿದ ಪಶುವಿಗೆ ಮತ್ತೆ ಮತ್ತೆ ರೋಗವಿಷವನ್ನು ಕೊಟ್ಟು, ಅದರ ರಕ್ತದಲ್ಲಿ ಪ್ರತಿಕಾಯಗಳು ಬಲಿತಮೇಲೆ ರಕ್ತವನ್ನು ತೆಗೆದು, ಅದು ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ಹೊಂಬಣ್ಣದ ತಿಳಿಯನ್ನು ಬೇರ್ಪಡಿಸುವುದು ಸೀರಂ ತಯಾರಿಸುವ ಕ್ರಮ. ಆ ತಿಳಿಯನ್ನು ಬೇರೊಂದು ದನಕ್ಕೆ ಚುಚ್ಚಿದರೆ ಕೆಲವು ವಾರಗಳ ಮಟ್ಟಿಗೆ ಅದಕ್ಕೂ ರಕ್ಷೆ ಒದಗುತ್ತಿತ್ತು. ಮುಂದೆ ಲಸಿಕೆಗಳು ಬಂದವು. ಭಾರತದಲ್ಲಿ 1995ರ ಅನಂತರ ಆ ರೋಗವು ಕಾಣಿಸಿಕೊಳ್ಳಲಿಲ್ಲ. 2011ರಲ್ಲಿ ಅದು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಹೆಬ್ಬಾಳದ ಆ ಸಂಸ್ಥೆಯು ಹೆಸರನ್ನು ಬದಲಿಸಿಕೊಂಡು ಇಂದಿಗೂ ಪಶುಗಳ ಲಸಿಕೆಗಳನ್ನು ತಯಾರಿಸುತ್ತಿದೆ.

ಸೀರಂ ವಿದ್ಯೆಯ ಮೂಲವು ಜರ್ಮನಿಯಲ್ಲಿ. 1890ರಲ್ಲಿ ಬೇರಿಂಗ್ ಎಂಬ ಜರ್ಮನ್ ಪಂಡಿತನೂ ಕಿಟಸಾಟೊ ಎಂಬ ಜಪಾನೀ ಪಂಡಿತನೂ ಧನುರ್ವಾಯು ಮತ್ತು ಗಂಟಲಮಾರಿಗಳ ವಿಷವನ್ನು ಅಡಗಿಸುವ ಗುಣವು ರಕ್ತದ ತಿಳಿಯಲ್ಲಿರುವುದನ್ನು ಕಂಡುಹಿಡಿದರು. ಕುದುರೆಯ ಸೀರಮ್ಮಿನಿಂದ ಸಹಸ್ರಾರು ಶಿಶುಗಳು ಬದುಕಿದವು. ಆದರೆ ವಿಯೆನ್ನಾ ನಗರದಲ್ಲಿ ಮಕ್ಕಳ ವೈದ್ಯರಾಗಿದ್ದ ಫೊನ್ ಪಿರ್ಕೆ ಮತ್ತು ಷಿಕ್ ಎಂಬಿಬ್ಬರು ಒಂದು ವಿಚಿತ್ರವನ್ನು ಗಮನಿಸಿದರು. ಸೀರಂ ಪಡೆದ ಕೆಲವು ಮಕ್ಕಳಿಗೆ ಎಂಟು ಹತ್ತು ದಿನಗಳಾದ ಮೇಲೆ ಜ್ವರ, ಮೈಮೇಲೆ ದದ್ದು, ಕೀಲುನೋವು, ಊತಗಳು ಕಾಣಿಸುತ್ತಿದ್ದವು. ಕೆಲವರ ಮೂತ್ರದಲ್ಲಿ ಆಲ್ಬುಮಿನ್ ಇಳಿಯುತ್ತಿತ್ತು. ಕುದುರೆಯ ಸೀರಮ್ಮೇ ವಿಷವಾಗಿದ್ದರೆ ಅಂದೇ ಬಾಧಿಸಬೇಕಾಗಿತ್ತು. ಎಂಟು ದಿನಗಳ ವಿಳಂಬವೇಕೆ? ಶಿಶುವಿನ ದೇಹವು ಆ ಪರಕೀಯ ವಸ್ತುವಿಗೆ ಪ್ರತಿಯಾಗಿ ತನ್ನ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳಲು ಬೇಕಾದ ಕಾಲವೇ ಅದು. ಎರಡೂ ಕೂಡಿದಾಗ ರೋಗವು ಹುಟ್ಟುವುದು ಎಂದು ಅವರು 1905ರಲ್ಲಿ ಪ್ರತಿಪಾದಿಸಿದರು. ರಕ್ಷಣೆಯೇ ರೋಗವಾಗಬಲ್ಲುದೆಂಬ ಸಂಗತಿಯು ಹೀಗೆ ಬೆಳಕಿಗೆ ಬಂದಿತು.

ಆದರೂ ದೇಹವು ಪರಕೀಯವನ್ನು ಬಿಟ್ಟು ತನ್ನನ್ನೇ ಹೊಡೆಯುವುದುಂಟೆ? ಪೌಲ್ ಏರ್ಲಿಕ್ ಎಂಬ ಮಹಾಪಂಡಿತನು ಮೇಕೆಗಳ ಮೇಲೆ ಪರೀಕ್ಷೆ ನಡೆಸಿದನು. ಒಂದು ಮೇಕೆಯು ಬೇರೆ ಮೇಕೆಯ ರಕ್ತಕಣಗಳ ಮೇಲೆ ಪ್ರತಿಕಾಯಗಳನ್ನು ಹುಟ್ಟಿಸಿತೇ ಹೊರತು ತನ್ನ ರಕ್ತಕಣಗಳ ಮೇಲೆ ಹುಟ್ಟಿಸಲಿಲ್ಲ. ಆತ್ಮವಿಷಕ್ಕೆ ದೇಹವು ಅಂಜುವುದೆಂದು ಆತನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾರಿದನು. ಆತನ ಮಾತಿಗಿದ್ದ ಗೌರವದಿಂದ ಆ ಪ್ರಶ್ನೆಯು ಬಹುಕಾಲ ಮುಚ್ಚಿಹೋಯಿತು. 1904ರಲ್ಲಿಯೇ ಡೊನಾತ್ ಮತ್ತು ಲಾಂಡ್‌ಸ್ಟೈನರ್ ಎಂಬವರು ತಮ್ಮ ರಕ್ತವನ್ನು ತಾವೇ ಕರಗಿಸಿಕೊಳ್ಳುವ ರೋಗಿಗಳನ್ನು ತೋರಿಸಿದರೂ ಅದು ಅಪವಾದವೆಂದೇ ಎಣಿಸಲ್ಪಟ್ಟಿತು. ದೊಡ್ಡವರ ತಪ್ಪು ಸಣ್ಣವರ ತಪ್ಪಿಗಿಂತ ದೀರ್ಘಾಯುವಾಗಿರುವುದು ಶಾಸ್ತ್ರಗಳಲ್ಲಿ ಹೊಸತೇನೂ ಅಲ್ಲ.

ಇತ್ತ ಚರ್ಮರೋಗದ ವೈದ್ಯರು ತಮ್ಮ ದಾರಿಯಲ್ಲಿ ನಡೆಯುತ್ತಿದ್ದರು. ಪ್ಯಾರಿಸಿನ ಕಾಜ಼ನಾವ್ 1851ರಲ್ಲಿ ಮುಖದ ಮೇಲಿನ ಕೆಂಪು ಕಲೆಯ ರೋಗಕ್ಕೆ ರಕ್ತವರ್ಣದ ಲೂಪಸ್ ಎಂದು ಹೆಸರಿಟ್ಟನು. ವಿಯೆನ್ನಾದ ಹೆಬ್ರಾ ಅದಕ್ಕೂ ಮೊದಲೇ ಮೂಗಿನ ಎರಡು ಕಡೆಗೂ ಕೆನ್ನೆಗಳ ಮೇಲೆ ಹರಡುವ ಆ ಕಲೆಯನ್ನು ಚಿಟ್ಟೆಗೆ ಹೋಲಿಸಿದ್ದನು. 1872ರಲ್ಲಿ ಕಪೋಸಿ ಎಂಬಾತನು ಇದು ಚರ್ಮದಲ್ಲಿ ನಿಲ್ಲದೆ ಜ್ವರ, ಕೀಲುನೋವು, ಕೃಶತೆಗಳೊಡನೆ ಸರ್ವಾಂಗವನ್ನೂ ವ್ಯಾಪಿಸಿ ಪ್ರಾಣವನ್ನೇ ತೆಗೆಯಬಲ್ಲುದೆಂದು ಬರೆದನು. ಸುಪ್ರಸಿದ್ಧ ವೈದ್ಯನಾದ ಆಸ್ಲರ್, ಮುಖದಲ್ಲಿ ಕೆಂಪು ಮೂಡಿದ ತರುಣಿಯರು ಮೂತ್ರಪಿಂಡಗಳು ಕೆಟ್ಟು ತೀರಿಕೊಂಡುದನ್ನು 1904ರಲ್ಲಿ ವರ್ಣಿಸಿದನು. ವೃಕವು ವೃಕ್ಕವನ್ನು ಹಿಡಿದ ಸಂಗತಿಯು ಹೀಗೆ ಸ್ಪಷ್ಟವಾಗಿ ದಾಖಲಾಯಿತು. ಕಾರಣ ಮಾತ್ರ ಅಜ್ಞಾತವಾಗಿಯೇ ಉಳಿಯಿತು.

ಕಾರಣವನ್ನು ತಿಳಿಯಲು ಮೂತ್ರಪಿಂಡದ ರಚನೆಯನ್ನು ಸ್ವಲ್ಪ ನೋಡಬೇಕು. ಒಂದೊಂದು ಪಿಂಡದಲ್ಲಿಯೂ ಸುಮಾರು 10 ಲಕ್ಷ ಅತಿಸೂಕ್ಷ್ಮವಾದ ರಕ್ತನಾಳಗಳ ಕುಚ್ಚುಗಳಿರುವುವು. ಜರಡಿಯು ಹಿಟ್ಟನ್ನು ಬಿಟ್ಟು ತವುಡನ್ನು ಹಿಡಿಯುವಂತೆ ಇವು ರಕ್ತದ ನೀರನ್ನೂ ಕಶ್ಮಲವನ್ನೂ ಬಿಟ್ಟು, ಸಾರವಾದ ಪ್ರೋಟೀನನ್ನು ಹಿಡಿದಿಡುವುವು. ದಿನಕ್ಕೆ ಸುಮಾರು 180 ಲೀಟರ್ ದ್ರವವು ಇವುಗಳಲ್ಲಿ ಸೋಸಿಹೋಗಿ, ಅದರಲ್ಲಿ ಬಹುಭಾಗವು ಮರಳಿ ರಕ್ತವನ್ನು ಸೇರುವುದು. ಜರಡಿ ಹರಿದರೆ ಪ್ರೋಟೀನು ಮೂತ್ರಕ್ಕೆ ಇಳಿಯುವುದು. ಕಾಲೂ ಮುಖವೂ ಊದುವುವು. ಲಂಡನ್ನಿನ ರಿಚರ್ಡ್ ಬ್ರೈಟ್ 1827ರಲ್ಲಿ ಈ ಸಂಬಂಧವನ್ನು ತೋರಿಸಿದನು. ಆತನ ಯಂತ್ರವಾದರೂ ಏನು? ಒಂದು ಚಮಚದಲ್ಲಿ ಮೂತ್ರವನ್ನು ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸುವುದು. ಆಲ್ಬುಮಿನ್ ಇದ್ದರೆ ಮೊಟ್ಟೆಯ ಬಿಳಿಯಂತೆ ಅದು ಗರಣೆಗಟ್ಟುವುದು.

1930ರ ದಶಕದಲ್ಲಿ ಜಪಾನಿನ ಮಸುಗಿ ಎಂಬ ಪಂಡಿತನು ಮೊಲದ ಮೂತ್ರಪಿಂಡಕ್ಕೆ ವಿರುದ್ಧವಾದ ಪ್ರತಿಕಾಯಗಳನ್ನು ಬಾತುಕೋಳಿಯ ರಕ್ತದಲ್ಲಿ ಬೆಳೆಸಿ, ಆ ಸೀರಮ್ಮನ್ನು ಮೊಲಕ್ಕೆ ಚುಚ್ಚಿದನು. ಮೊಲಕ್ಕೆ ಮೂತ್ರಪಿಂಡದ ಉರಿಯೂತವುಂಟಾಯಿತು. ಹೆಬ್ಬಾಳದಲ್ಲಿ ದನವನ್ನು ಉಳಿಸುತ್ತಿದ್ದ ವಿದ್ಯೆಯೇ ಅಲ್ಲಿ ಮೊಲಕ್ಕೆ ರೋಗವನ್ನು ತಂದಿತು. ಶಸ್ತ್ರವು ಒಂದೇ, ಅದು ತಿರುಗಿದ ದಿಕ್ಕು ಬೇರೆ.

ಮುಂದಿನ ಹೆಜ್ಜೆಗಳು ಬೇಗ ಬೇಗನೆ ಬಿದ್ದವು. 1948ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದ ಹಾರ್‌ಗ್ರೇವ್ಸ್ ಮತ್ತು ಅವನ ಸಂಗಡಿಗರು ಲೂಪಸ್ ರೋಗಿಗಳ ಮಜ್ಜೆಯಲ್ಲಿ ಇನ್ನೊಂದು ಕಣದ ಕೇಂದ್ರವನ್ನೇ ನುಂಗಿದ ಬಿಳಿಯ ರಕ್ತಕಣಗಳನ್ನು ಕಂಡರು. ಇದಕ್ಕೆ ಕಾರಣವು ಕಣಕೇಂದ್ರದ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳೆಂದು 1957ರ ವೇಳೆಗೆ ತಿಳಿಯಿತು. ಜೀವದ ಮೂಲಾಕ್ಷರಗಳನ್ನು ಹೊತ್ತ ಡಿ.ಎನ್.ಎ. ವಸ್ತುವಿನ ಮೇಲೆಯೇ ರೋಗಿಯ ರಕ್ತವು ಕತ್ತಿಯನ್ನೆತ್ತಿದ್ದಿತು. ಬೆನ್ನಿನ ಕಡೆಯಿಂದ ಸೂಜಿಯನ್ನು ಹಾಕಿ ಮೂತ್ರಪಿಂಡದ ತುಣುಕನ್ನು ತೆಗೆಯುವ ಕ್ರಮವನ್ನು ಡೆನ್ಮಾರ್ಕಿನ ಈವರ್ಸನ್ ಮತ್ತು ಬ್ರುನ್ 1951ರಲ್ಲಿ ಪ್ರಕಟಿಸಿದ್ದರಿಂದ, ಸತ್ತವರಲ್ಲಿ ಮಾತ್ರ ಕಾಣುತ್ತಿದ್ದ ವಿಕಾರವನ್ನು ಬದುಕಿರುವವರಲ್ಲಿ ಕಾಣುವಂತಾಯಿತು. 1967ರಲ್ಲಿ ಕಾಫ್ಲರ್, ಷುರ್, ಕುಂಕೆಲ್ ಎಂಬವರು ಲೂಪಸ್ಸಿನಿಂದ ಕೆಟ್ಟ ಮೂತ್ರಪಿಂಡಗಳಿಂದಲೇ ಡಿ.ಎನ್.ಎ. ವಿರೋಧಿ ಪ್ರತಿಕಾಯಗಳನ್ನು ಬಿಡಿಸಿ ತೆಗೆದರು. ಕಳುವಿನ ಒಡವೆಯು ಕಳ್ಳನ ಮನೆಯಲ್ಲಿಯೇ ಸಿಕ್ಕಿದಂತಾಯಿತು. ಪ್ರತಿಕಾಯಗಳು ಜರಡಿಯಲ್ಲಿ ಸಿಕ್ಕಿಕೊಂಡು, ಉರಿಯೂತವನ್ನು ಹೊತ್ತಿಸಿ, ಜರಡಿಯನ್ನು ಸುಡುವುವೆಂಬುದು ಸಿದ್ಧವಾಯಿತು.

ಜ್ಞಾನವು ಹೀಗೆ ಬೆಳೆಯುತ್ತಿದ್ದಾಗ ರೋಗಿಗಳ ಗತಿಯೇನಾಗಿತ್ತು? 1955ರಲ್ಲಿ ಮೆರೆಲ್ ಮತ್ತು ಷುಲ್ಮನ್ ಎಣಿಸಿದಂತೆ, ರೋಗವು ಗೊತ್ತಾದ ನಾಲ್ಕು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯುತ್ತಿರಲಿಲ್ಲ. ಈ ವ್ಯಾಧಿಗೆ ಸಿಕ್ಕುವ 10 ಮಂದಿಯಲ್ಲಿ 9 ಮಂದಿ ಸ್ತ್ರೀಯರು, ಅದರಲ್ಲಿಯೂ ಹೆಚ್ಚಿನವರು ಮದುವೆಯ, ತಾಯ್ತನದ ವಯಸ್ಸಿನವರು ಎಂಬುದನ್ನು ನೆನೆದರೆ ಈ ಅಂಕಿಯ ಹಿಂದಿರುವ ದುಃಖವು ತಿಳಿದೀತು. 1948ರಲ್ಲಿ ಹೆಂಚ್ ಎಂಬಾತನು ಕಾರ್ಟಿಸೋನನ್ನು ಮೊದಲು ಕೀಲುವಾತಕ್ಕೆ ಪ್ರಯೋಗಿಸಿದನು. ಲೂಪಸ್ಸಿನ ಉರಿಯನ್ನು ಅಡಗಿಸಿದ ಮೊದಲ ಪ್ರಬಲ ಔಷಧವೂ ಅದೇ ಆಯಿತು. ಮಲೆನಾಡಿನ ಮನೆಮನೆಗೂ ಚಳಿಜ್ವರದಿಂದ ಪರಿಚಿತವಾದ ಕ್ವಿನೈನನ್ನು ಲಂಡನ್ನಿನ ಪೇನ್ 1894ರಲ್ಲಿಯೇ ಈ ರೋಗಕ್ಕೆ ಕೊಟ್ಟು ನೋಡಿದ್ದನು. ಚಳಿಜ್ವರದ ಔಷಧಗಳ ವರ್ಗಕ್ಕೇ ಸೇರಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಇಂದಿಗೂ ಚಿಕಿತ್ಸೆಯ ಬುನಾದಿಯಾಗಿದೆ. ಮೂತ್ರಪಿಂಡವನ್ನು ಉಳಿಸಲು ಸೈಕ್ಲೋಫಾಸ್ಫಮೈಡ್ ಸಮರ್ಥವೆಂದು 1986ರಲ್ಲಿ ಅಮೆರಿಕದಲ್ಲಿಯೂ, ಅದರಷ್ಟು ಕ್ರೂರವಲ್ಲದ ಮೈಕೊಫಿನೊಲೇಟ್ ಕೂಡ ಸಮರ್ಥವೆಂದು 2000ದಲ್ಲಿ ಹಾಂಗ್‌ಕಾಂಗಿನಲ್ಲಿಯೂ ತೋರಿಸಲ್ಪಟ್ಟಿತು. ದ್ರೋಹಿಯಾದ ರಕ್ತಕಣಗಳನ್ನೇ ಗುರಿಯಿಟ್ಟು ನಾಶಮಾಡುವಂತೆ ರೋಗಿಯ ಇತರ ಕಣಗಳಿಗೆ ಶಿಕ್ಷಣವಿತ್ತ ಪ್ರಯೋಗದ ಫಲವನ್ನು ಜರ್ಮನಿಯ ಎರ್ಲಾಂಗೆನ್ನಿನ ವೈದ್ಯರು 2022ರಲ್ಲಿ ಪ್ರಕಟಿಸಿದರು; ಐವರು ರೋಗಿಗಳಲ್ಲಿಯೂ ವ್ಯಾಧಿಯು ಶಮನವಾಗಿದ್ದಿತು. ಕೆಟ್ಟ ಬೇಲಿಯನ್ನು ಕಿತ್ತು ಹೊಸ ಬೇಲಿಯನ್ನು ನೆಡುವ ಸಾಹಸವಿದು, ಇನ್ನೂ ಶೈಶವದಲ್ಲಿದೆ.

ಈ ಇತಿಹಾಸದಿಂದ ಗೃಹಸ್ಥರು ಗ್ರಹಿಸಬೇಕಾದುದು ಯಾವುದು? ಲೂಪಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಕಾಲದಲ್ಲಿ ಮೂತ್ರಪಿಂಡವು ಬಾಧಿತವಾಗುವುದು. ಮೊದಮೊದಲು ಅದು ನೋವನ್ನೇ ಕೊಡುವುದಿಲ್ಲ. ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗುವುದು, ಬೆರಳ ಕೀಲುಗಳ ನೋವು, ಬಿಡದ ಆಯಾಸ, ಕೂದಲುದುರುವುದು, ಬೆಳಗ್ಗೆ ರೆಪ್ಪೆಗಳ ಊತ, ಮೂತ್ರದಲ್ಲಿ ನೊರೆ, ಇವುಗಳನ್ನು ಹೆಣ್ಣುಮಕ್ಕಳು ಹೇಳಿಕೊಳ್ಳಲು ನಾಚುವರು. ಹೇಳಿದರೂ ಮನೆಯವರು ನಿಶ್ಶಕ್ತಿಯೆಂದೋ, ಸೋಮಾರಿತನವೆಂದೋ, ದೃಷ್ಟಿ ತಾಕಿತೆಂದೋ ಕಾಲವನ್ನು ಕಳೆಯುವರು. ಅಷ್ಟರಲ್ಲಿ ಜರಡಿಯು ಸುಟ್ಟು ಕಲೆಗಟ್ಟಿರುವುದು. ಕಲೆಗಟ್ಟಿದುದನ್ನು ಯಾವ ಔಷಧವೂ ಹೊಸದಾಗಿ ಮಾಡಲಾರದು. ಮತ್ತೊಂದು ಅಪಾಯವೆಂದರೆ, ಔಷಧದಿಂದ ಮುಖವು ದುಂಡಾಗುವುದಕ್ಕೆ ಅಳುಕಿ, ಇಲ್ಲವೆ ಸಂಬಂಧ ನೋಡುವ ಕಾಲದಲ್ಲಿ ರೋಗವನ್ನು ಮರೆಮಾಚಲೆಂದು, ಗುಳಿಗೆಗಳನ್ನು ನಡುವೆ ನಿಲ್ಲಿಸಿಬಿಡುವುದು. ಇದು ಅಂಟುರೋಗವಲ್ಲ, ಪೂರ್ವಜನ್ಮದ ಪಾಪದ ಫಲವೂ ಅಲ್ಲ. ರೋಗವು ಶಾಂತವಾಗಿರುವಾಗ ವೈದ್ಯರ ಕಣ್ಗಾವಲಿನಲ್ಲಿ ಮದುವೆ ಮಕ್ಕಳ ಭಾಗ್ಯವನ್ನು ಪಡೆದ ಸ್ತ್ರೀಯರು ಅನೇಕರಿರುವರು.

ಬೆಂಗಳೂರಿನಲ್ಲಿ ಇಂದು ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಮೂತ್ರಪಿಂಡ ಸಂಸ್ಥೆಯೂ, 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯವಿದ್ಯಾಲಯವೂ ಇವೆ. ಇಷ್ಟಿದ್ದರೂ ಮೊದಲನೆಯ ಕಾವಲು ಬ್ರೈಟನ ಚಮಚವೇ ಸರಿ. ಅದರ ಸ್ಥಾನದಲ್ಲಿ ಈಗ ಬಣ್ಣ ಬದಲಿಸುವ ಕಾಗದದ ಪಟ್ಟಿಯು ಬಂದಿದೆ. ಊರ ಆರೋಗ್ಯಕೇಂದ್ರದಲ್ಲಿಯೂ ಅದು ಅಲ್ಪವೆಚ್ಚದ ಪರೀಕ್ಷೆ. ನೂರು ವರ್ಷಗಳ ಪಾಂಡಿತ್ಯದ ಫಲವು ರೋಗಿಗೆ ದಕ್ಕಬೇಕಾದರೆ, ಮನೆಯಲ್ಲಿ ಯಾರಾದರೊಬ್ಬರು ಮಗಳ ಊದಿದ ಕಣ್ಣನ್ನು ಕಂಡು, ಅವಳ ಮಾತನ್ನು ನಂಬಿ, ಆ ಪಟ್ಟಿಯವರೆಗೆ ಅವಳನ್ನು ಸಕಾಲದಲ್ಲಿ ಕರೆದೊಯ್ಯಬೇಕು.