ಚಾಂದನಿ ಚೌಕದ ಒಡತಿ, ಹುಲ್ಲು ಹೊದ್ದ ಗೋರಿ

ದೆಹಲಿಯನ್ನು ನೋಡಲು ಹೋದವರು ಸಾಮಾನ್ಯವಾಗಿ ಕೆಂಪುಕೋಟೆಯಿಂದಲೇ ಆರಂಭಿಸುತ್ತಾರೆ. ದೀವಾನೆ ಆಮ್, ದೀವಾನೆ ಖಾಸ್‌ಗಳನ್ನು ನೋಡಿ, ಲಾಹೋರಿ ದ್ವಾರದಿಂದ ಹೊರಬಂದು ರಸ್ತೆ ದಾಟಿದರೆ ಎದುರಿಗೆ ಚಾಂದನಿ ಚೌಕ. ಅಲ್ಲಿ ಜಿಲೇಬಿ ತಿಂದು, ದರೀಬಾದ ಬೆಳ್ಳಿ ಅಂಗಡಿಗಳಲ್ಲಿ ಕಣ್ಣಾಡಿಸಿ, ಜನಜಂಗುಳಿಯಲ್ಲಿ ದಾರಿ ಮಾಡಿಕೊಂಡು ಜಾಮಾ ಮಸೀದಿಯನ್ನು ಕಂಡು, ಸಂಜೆಯೊಳಗೆ ಕುತುಬ್ ಮಿನಾರ್ ಸೇರಿಬಿಡುತ್ತಾರೆ. ಈ ಬೀದಿಯನ್ನು ಮಾಡಿಸಿದವರು ಯಾರೆಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವುದು ಶಹಜಹಾನನ ಹೆಸರು. ಅದು ಅರ್ಧಸತ್ಯ. ನಗರ ಶಹಜಹಾನನದು. ಆದರೆ ಆ ನಗರದ ಹೃದಯವೆನಿಸಿದ ಚೌಕ ಆತನ ಮಗಳು ಜಹಾನಾರಾ ಬೇಗಮಳದು.

ಜಹಾನಾರಾ 1614ರಲ್ಲಿ ಜನಿಸಿದಳು. 1631ರಲ್ಲಿ ಬುರ್‍ಹಾನ್‌ಪುರದಲ್ಲಿ ತಾಯಿ ಮುಮ್ತಾಝ್ ಮಹಲ್ ಹೆರಿಗೆಯ ವೇಳೆ ತೀರಿಕೊಂಡಾಗ ಆಕೆಗೆ ಹದಿನೇಳು ವರ್ಷ. ದುಃಖದಲ್ಲಿ ಮುಳುಗಿದ್ದ ತಂದೆಯನ್ನೂ ತಮ್ಮ ತಂಗಿಯರನ್ನೂ ಸಂತೈಸುವ ಹೊಣೆ ಆಕೆಯ ಮೇಲೆ ಬಿತ್ತು. ತಾಯಿಯ ಸಂಪತ್ತಿನ ಅರ್ಧಭಾಗವೂ ಅಂತಃಪುರದ ಪ್ರಥಮ ಸ್ತ್ರೀ ಎಂಬ ಸ್ಥಾನವೂ ಆಕೆಗೆ ದೊರೆತವು. ಕಾಲಾನಂತರ ಸೂರತ್ ಬಂದರಿನ ಆದಾಯವೂ ಸೇರಿತು. ಸ್ವಂತ ಹಡಗು ಕಡಲಿಗಿಳಿಯಿತು. ಆ ಕಾಲದ ಜಗತ್ತಿನಲ್ಲಿ ಅಷ್ಟು ಸಿರಿವಂತೆಯರಾದ ಸ್ತ್ರೀಯರು ವಿರಳ.

ಇಷ್ಟು ಐಶ್ವರ್ಯವಿದ್ದವಳ ಮನಸ್ಸು ಒಲಿದದ್ದು ಸೂಫಿ ಮಾರ್ಗಕ್ಕೆ. ತಮ್ಮ ದಾರಾ ಶಿಕೋಹನಂತೆ ಆಕೆಯೂ ಖಾದಿರಿ ಪರಂಪರೆಯ ಮುಲ್ಲಾ ಶಾಹ್ ಬದಖ್ಶಿಯವರನ್ನು ಗುರುವಾಗಿ ಸ್ವೀಕರಿಸಿದಳು. ಅಜ್ಮೀರಿನ ಖ್ವಾಜಾ ಮುಈನುದ್ದೀನ್ ಚಿಶ್ತಿಯವರ ಜೀವನಚರಿತ್ರೆಯಾದ 'ಮೂನಿಸುಲ್ ಅರ್ವಾಹ್' ಎಂಬ ಪಾರಸಿ ಗ್ರಂಥವನ್ನು ಬರೆದಾಗ ಆಕೆಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. 1644ರಲ್ಲಿ ಉಡುಪಿಗೆ ಬೆಂಕಿ ತಗುಲಿ ಮೈ ಸುಟ್ಟು ತಿಂಗಳುಗಟ್ಟಲೆ ಸಾವಿನ ಅಂಚಿನಲ್ಲಿ ನರಳಿದಳು. ಗುಣವಾದ ಮೇಲೆ ಅಜ್ಮೀರಿಗೆ ತೆರಳಿ ಕೃತಜ್ಞತೆ ಸಲ್ಲಿಸಿದಳು. ಆಗ್ರಾದ ಜಾಮಾ ಮಸೀದಿಯು 1648ರಲ್ಲಿ ಪೂರ್ಣಗೊಂಡದ್ದು ಆಕೆಯ ಹಣದಿಂದಲೇ.

ಅದೇ 1648ರಲ್ಲಿ ಶಹಜಹಾನನು ಯಮುನೆಯ ದಡದಲ್ಲಿ ಸಿದ್ಧವಾದ ಹೊಸ ಕೋಟೆಯನ್ನು ಪ್ರವೇಶಿಸಿದನು. ಶಹಜಹಾನಾಬಾದ್ ರಾಜಧಾನಿಯಾಯಿತು. ಅರಮನೆಯ ಸ್ತ್ರೀಯರು ಪರದೆಯ ಹಿಂದೆ ಸುಮ್ಮನೆ ಕುಳಿತಿದ್ದರೆಂದು ಭಾವಿಸುವವರು ಈ ನಗರದ ನಕ್ಷೆಯನ್ನೊಮ್ಮೆ ನೋಡಬೇಕು. ಚಾಂದನಿ ಚೌಕದ ಪಶ್ಚಿಮದ ತುದಿಯಲ್ಲಿರುವ ಫತೇಪುರಿ ಮಸೀದಿಯನ್ನು 1650ರಲ್ಲಿ ಕಟ್ಟಿಸಿದವಳು ಶಹಜಹಾನನ ಪತ್ನಿ ಫತೇಪುರಿ ಬೇಗಮ್. ಅಕ್ಬರಾಬಾದಿ ಮಸೀದಿಯನ್ನು ಕಟ್ಟಿಸಿದವಳು ಆತನ ಮತ್ತೊಬ್ಬ ಪತ್ನಿ. ನಗರದ ಹೊರಗಿನ ರೋಶನಾರಾ ಉದ್ಯಾನವು ಜಹಾನಾರಾಳ ತಂಗಿಯದು.

ಇವೆಲ್ಲದರ ನಡುವೆ ಜಹಾನಾರಾ ಆರಿಸಿಕೊಂಡ ಕೆಲಸ ವಿಶಿಷ್ಟವಾದುದು. ಕೋಟೆಯಿಂದ ಫತೇಪುರಿ ಮಸೀದಿಯವರೆಗೆ ಸುಮಾರು 1,500 ಗಜ ಉದ್ದ, 40 ಗಜ ಅಗಲದ ರಾಜಬೀದಿ. ಅದರ ನಡುವೆ ಹರಿಯುವ ಕಾಲುವೆ. ಇಕ್ಕೆಲಗಳಲ್ಲಿ ಅಂಗಡಿಗಳ ಸಾಲು. ಈ ಬೀದಿಯ ಮಧ್ಯಭಾಗದಲ್ಲಿ ಆಕೆ ಎಂಟು ಮೂಲೆಗಳ ಚೌಕವನ್ನೂ ಅದರ ನಡುವೆ ಒಂದು ಕೊಳವನ್ನೂ ಮಾಡಿಸಿದಳು. ಆ ನೀರಿನಲ್ಲಿ ಬೆಳದಿಂಗಳು ಪ್ರತಿಫಲಿಸುತ್ತಿದ್ದುದರಿಂದ ಚಾಂದನಿ ಚೌಕವೆಂಬ ಹೆಸರು ಬಂದಿತೆಂದು ಪ್ರತೀತಿ. ಚೌಕದ ಉತ್ತರಕ್ಕೆ ವಿಶಾಲವಾದ ಉದ್ಯಾನ, ಅದರ ಮುಂದೆ ದೂರದ ವರ್ತಕರಿಗಾಗಿ ಎರಡು ಅಂತಸ್ತಿನ ಸರಾಯಿ, ಸಮೀಪದಲ್ಲೇ ಸ್ನಾನಗೃಹ. ಆ ಕಾಲದಲ್ಲಿ ದೆಹಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರ್ ಈ ಸರಾಯಿಯನ್ನು ಕಂಡು ಮೆಚ್ಚಿ, ಪ್ಯಾರಿಸಿನಲ್ಲಿಯೂ ಇಂತಹದು ಇರಬೇಕಿತ್ತೆಂದು ಹಂಬಲಿಸಿದ್ದಾನೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ತನ್ನ ಹೆಸರು ಉಳಿಯಲೆಂದು ಬಯಸುವ ಅರಸುಕುಲದವರು ಕಟ್ಟುವುದು ಅರಮನೆಯನ್ನು, ಗುಮ್ಮಟವನ್ನು. ಈಕೆ ರಾಜಧಾನಿಯ ನಟ್ಟನಡುವೆ ಕಟ್ಟಿದ್ದು ಪರಊರಿನ ಅಪರಿಚಿತನಿಗೆ ತಂಗಲು ತಾಣವನ್ನು, ದಣಿದವನಿಗೆ ನೀರನ್ನು, ನೆರಳನ್ನು. ದಾರಿಹೋಕನಿಗೂ ನಮ್ಮ ಸಂಪತ್ತಿನಲ್ಲಿ ಹಕ್ಕಿದೆಯೆಂಬ ಇಸ್ಲಾಮಿನ ಬೋಧನೆಯನ್ನು ಆಕೆ ಇಟ್ಟಿಗೆ ಕಲ್ಲುಗಳಲ್ಲಿ ಮೂಡಿಸಿದಳು.

ಆದರೆ ಸಿಂಹಾಸನದ ಕಲಹವು ಆ ಮನೆಯನ್ನು ಒಡೆಯಿತು. 1658ರಲ್ಲಿ ಔರಂಗಝೇಬನು ಗೆದ್ದು, ತಂದೆಯನ್ನು ಆಗ್ರಾ ಕೋಟೆಯಲ್ಲಿ ಬಂಧನದಲ್ಲಿಟ್ಟನು. ಮರುವರ್ಷ ದಾರಾ ಶಿಕೋಹನನ್ನು ಮಾಸಿದ ಬಟ್ಟೆಯಲ್ಲಿ ಆನೆಯ ಮೇಲೆ ಕೂರಿಸಿ ಇದೇ ದೆಹಲಿಯ ಪೇಟೆಬೀದಿಗಳಲ್ಲಿ ಮೆರವಣಿಗೆ ಮಾಡಿ, ಬಳಿಕ ಕೊಲ್ಲಿಸಲಾಯಿತು. ಜನರು ಬೀದಿಯಲ್ಲಿ ನಿಂತು ಅತ್ತದ್ದನ್ನು ಬರ್ನಿಯರ್ ಕಣ್ಣಾರೆ ಕಂಡು ಬರೆದಿದ್ದಾನೆ. ಜಹಾನಾರಾ ತಾನಾಗಿಯೇ ತಂದೆಯೊಡನೆ ಸೆರೆಯನ್ನು ಹಂಚಿಕೊಂಡಳು. 1666ರಲ್ಲಿ ಶಹಜಹಾನನು ಕಣ್ಣುಮುಚ್ಚುವವರೆಗೂ, ಅಂದರೆ ಸುಮಾರು ಎಂಟು ವರ್ಷ, ಆತನ ಸೇವೆ ಮಾಡಿದಳು. ಅನಂತರ ಔರಂಗಝೇಬನೇ ಅಕ್ಕನಿಗೆ ಹಿಂದಿನ ಗೌರವವನ್ನು ಮರಳಿಸಿ ದೆಹಲಿಗೆ ಕರೆಸಿಕೊಂಡನು.

ಈ ಬೀದಿಯ ಇತಿಹಾಸದಲ್ಲಿ ನಾವು ಬಿಟ್ಟುಬಿಡಬಾರದ ಇನ್ನೊಂದು ಪುಟವಿದೆ. 1675ರಲ್ಲಿ ಸಿಖ್ಖರ ಒಂಬತ್ತನೆಯ ಗುರು ತೇಗ್ ಬಹಾದೂರರನ್ನು ಇಲ್ಲಿಯೇ ಶಿರಚ್ಛೇದ ಮಾಡಲಾಯಿತು. ಆ ಸ್ಥಳದಲ್ಲಿ ಇಂದು ಸೀಸ್‌ಗಂಜ್ ಗುರುದ್ವಾರವಿದೆ. ಆಳುವವರ ಹೆಸರು ನಮ್ಮ ಸಮುದಾಯದ್ದೆಂಬ ಕಾರಣಕ್ಕೆ ಅವರ ಅನ್ಯಾಯವನ್ನು ಮರೆಮಾಚುವುದು ಇತಿಹಾಸಪ್ರಜ್ಞೆಯಲ್ಲ. ನ್ಯಾಯಪ್ರಜ್ಞೆಯಂತೂ ಅಲ್ಲವೇ ಅಲ್ಲ. ಗುರುದ್ವಾರದ ಮುಂದೆ ನಡೆಯುವಾಗ ಮುಸ್ಲಿಮನ ತಲೆಯೂ ಗೌರವದಿಂದ ಬಾಗಬೇಕು.

ಜಹಾನಾರಾ ಕಟ್ಟಿಸಿದ್ದರಲ್ಲಿ ಇಂದು ಏನು ಉಳಿದಿದೆ? 1857ರ ಬಂಡಾಯವನ್ನು ಹತ್ತಿಕ್ಕಿದ ಬ್ರಿಟಿಷರು ದೆಹಲಿಯ ಮೇಲೆ ಸೇಡು ತೀರಿಸಿಕೊಂಡರು. ಸರಾಯಿ ನೆಲಸಮವಾಯಿತು, ಆ ಜಾಗದಲ್ಲಿ ಟೌನ್‌ಹಾಲ್ ಎದ್ದಿತು. ಕೊಳವಿದ್ದ ಕಡೆ ಗಡಿಯಾರದ ಗೋಪುರ ಬಂದಿತು. ಕಳೆದ ಶತಮಾನದ ಮಧ್ಯಭಾಗದಲ್ಲಿ ಅದೂ ಕುಸಿದು ಕಣ್ಮರೆಯಾಯಿತು. ಅಕ್ಬರಾಬಾದಿ ಮಸೀದಿಯನ್ನು ಕೆಡವಲಾಯಿತು. ಜಾಮಾ ಮಸೀದಿಯನ್ನು ಮುಟ್ಟುಗೋಲು ಹಾಕಿಕೊಂಡು, 1862ರಲ್ಲಿಯಷ್ಟೇ ಮುಸ್ಲಿಮರಿಗೆ ಮರಳಿಸಲಾಯಿತು. ಫತೇಪುರಿ ಮಸೀದಿಯು ಹರಾಜಿಗೆ ಬಂದಿತು.

ಅದನ್ನು 19,000 ರೂಪಾಯಿಗೆ ಕೊಂಡವರು ಲಾಲಾ ಚುನ್ನಾಮಲ್ ಎಂಬ ಹಿಂದೂ ವರ್ತಕರು. ಕೈಗೆ ಬಂದ ಮಸೀದಿಯನ್ನು ಅವರು ಕೆಡವಲಿಲ್ಲ, ಹಾಗೆಯೇ ಕಾಪಾಡಿದರು. 1877ರಲ್ಲಿ ಸರಕಾರವು ಅವರ ಕುಟುಂಬಕ್ಕೆ ಬದಲಿಯಾಗಿ ಹಳ್ಳಿಗಳನ್ನು ಕೊಟ್ಟು ಮಸೀದಿಯನ್ನು ಮುಸ್ಲಿಮರಿಗೆ ಹಿಂದಿರುಗಿಸಿತು. ಇಂದಿಗೂ ಅಲ್ಲಿ ಐದು ಹೊತ್ತಿನ ಬಾಂಗ್ ಮೊಳಗುತ್ತದೆ. ಅದರ ಪಕ್ಕದಲ್ಲೇ ಖಾರಿ ಬಾವಲಿಯ ಸಂಬಾರ ಪೇಟೆ. ಮೆಣಸಿನ ಘಾಟಿಗೆ ಕೆಮ್ಮುತ್ತ ಮಸೀದಿಯನ್ನು ನೋಡಲು ಬರುವ ಪ್ರವಾಸಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು. ಅದೇ ಬೀದಿಯಲ್ಲಿ ಜೈನರ ಲಾಲ್ ಮಂದಿರ, ಗೌರಿಶಂಕರ ದೇವಾಲಯ, ಗುರುದ್ವಾರ, ಚರ್ಚು, ಮಸೀದಿಗಳು ಒಂದರ ನಂತರ ಒಂದು ಸಿಗುತ್ತವೆ. ಸರಾಯಿಯ ಕಲ್ಲುಗಳು ಹೋದವು. ಎಲ್ಲರಿಗೂ ಎಡೆಯಿರುವ ಬೀದಿ ಉಳಿಯಿತು.

ಚಾಂದನಿ ಚೌಕವನ್ನು ಕಂಡವರು ಆಕೆಯನ್ನು ಕಾಣದೆ ಹಿಂದಿರುಗಬಾರದು. ಅದಕ್ಕಾಗಿ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ಸಾಗಿ ಹಝ್ರತ್ ನಿಝಾಮುದ್ದೀನ್ ಬಸ್ತಿಗೆ ಬರಬೇಕು. ಅಲ್ಲಿಗೆ ಸಮೀಪದಲ್ಲೇ ಹುಮಾಯೂನನ ಭವ್ಯ ಗುಮ್ಮಟವಿದೆ. ತಮ್ಮ ದಾರಾನ ದೇಹವನ್ನು ಮಣ್ಣುಮಾಡಿದ್ದು ಅದರ ಆವರಣದಲ್ಲಿಯೇ. ಬಸ್ತಿಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಹೂವಿನ ಅಂಗಡಿಗಳನ್ನು ದಾಟಿ ದರ್ಗಾದ ಅಂಗಳ ಸೇರಿದರೆ, ಔಲಿಯಾರ ಸಮಾಧಿಯನ್ನೂ 1325ರಲ್ಲೇ ತೀರಿಕೊಂಡ ಅವರ ಶಿಷ್ಯ ಅಮೀರ್ ಖುಸ್ರೋ ಅವರ ಸಮಾಧಿಯನ್ನೂ ಜನರು ಮುತ್ತಿಕೊಂಡಿರುತ್ತಾರೆ. ಅದೇ ಅಂಗಳದಲ್ಲಿ ಅಮೃತಶಿಲೆಯ ಜಾಲಂದ್ರಗಳ ಒಂದು ಸಣ್ಣ ಆವರಣವಿದೆ. ಅದಕ್ಕೆ ಛಾವಣಿಯಿಲ್ಲ. ಒಳಗಿನ ಗೋರಿಯ ಮೇಲ್ಭಾಗದಲ್ಲಿ ಕಲ್ಲಿನ ಬದಲು ಮಣ್ಣು; ಮಣ್ಣಿನಲ್ಲಿ ಹಸಿರು. 1681ರಲ್ಲಿ ತೀರಿಕೊಂಡ ಜಹಾನಾರಾ ಮಲಗಿರುವುದು ಇಲ್ಲಿ.

ತಲೆಯ ಬಳಿಯ ಫಲಕದಲ್ಲಿ ಆಕೆಯೇ ರಚಿಸಿದಳೆನ್ನಲಾದ ಪಾರಸಿ ಸಾಲುಗಳಿವೆ. ತನ್ನ ಗೋರಿಗೆ ಹುಲ್ಲಿನ ಹೊರತು ಬೇರೆ ಹೊದಿಕೆ ಬೇಡವೆಂಬುದು ಅವುಗಳ ಆಶಯ. ಅದರ ಕೆಳಗೆ ತನ್ನನ್ನು ಮೊದಲು ಚಿಶ್ತಿ ಗುರುಗಳ ಶಿಷ್ಯೆ ಎಂದೂ, ಆಮೇಲೆ ಶಹಜಹಾನನ ಮಗಳು ಎಂದೂ ಗುರುತಿಸಿಕೊಂಡಿದ್ದಾಳೆ. ಈ ಕ್ರಮವನ್ನು ಗಮನಿಸಿರಿ. ತಾಯಿಗೆ ತಾಜ್ ಮಹಲ್ ಎದ್ದದ್ದನ್ನು ಕಣ್ಣಾರೆ ಕಂಡವಳು, ತನಗೂ ಅಂತಹದೊಂದನ್ನು ಕಟ್ಟಿಸಿಕೊಳ್ಳುವಷ್ಟು ಹಣವಿದ್ದವಳು ಕೇಳಿಕೊಂಡದ್ದು ಇಷ್ಟನ್ನೇ.

ಗತಿಸಿದವರ ಕುರುಹುಗಳನ್ನು ಭೂಮಿಯಲ್ಲಿ ಸಂಚರಿಸಿ ನೋಡಿ ಪಾಠ ಕಲಿಯಲು ಕುರ್‌ಆನ್ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ದೆಹಲಿಯಲ್ಲಿ ಆ ಪಾಠಕ್ಕೆ ಕೊರತೆಯಿಲ್ಲ. ಕೋಟೆಯ ಗೋಡೆಗಳು ಅಧಿಕಾರವು ಉಳಿಯುವುದಿಲ್ಲವೆಂದು ಹೇಳುತ್ತವೆ. ಪರರಿಗಾಗಿ ಕಟ್ಟುವುದು ಹೇಗೆ, ತನಗಾಗಿ ಏನನ್ನೂ ಕೇಳದೆ ಹೊರಡುವುದು ಹೇಗೆ ಎಂಬುದನ್ನು ಈ ಹುಲ್ಲಿನ ಗೋರಿ ಹೇಳುತ್ತದೆ. ಮುಂದಿನ ಬಾರಿ ದೆಹಲಿಗೆ ಹೋದಾಗ ಆ ಜಾಲಂದ್ರದ ಬಳಿ ಒಂದು ಕ್ಷಣ ನಿಂತು ಆಕೆಗಾಗಿ ಪ್ರಾರ್ಥಿಸಿರಿ. ಜೊತೆಯಲ್ಲಿ ಮಕ್ಕಳಿದ್ದರೆ, ಬೆಳಗ್ಗೆ ನೀವು ನಡೆದಾಡಿದ ಬೀದಿಯು ಈಕೆಯದೆಂದು ಅವರಿಗೆ ತಿಳಿಸಿರಿ.